ಇಟಲಿಯ ನಲವತ್ತನಾಲ್ಕು

ಜಿಪ್ಪು ಒಂದೇ ಎಳೆತಕ್ಕೆ ಬೆನ್ನ ಮೇಲಕ್ಕೆ ಹೋಗಿಬಿಟ್ಟಿತು, ಎಲ್ಲೂ ತಡೆಯಲಿಲ್ಲ, ಉಸಿರು ಬಿಗಿಹಿಡಿಯಬೇಕಾಗಲಿಲ್ಲ, ಶ್ರೀ ಸ್ವಲ್ಪ ಬಾ ಇಲ್ಲಿ ಎಂದು ಯಾರನ್ನೂ ಕರೆಯಬೇಕಾಗಲಿಲ್ಲ — ಒಬ್ಬಳೇ ಹಾಕಿಕೊಳ್ಳಬಹುದಾದಷ್ಟು ಸಡಿಲ. ಜಾಹ್ನವಿ ಕೈ ಇಳಿಸಿ ನಿಂತಳು, ಕಂಕುಳಲ್ಲಿ ರಟ್ಟಿನ ಚೀಟಿ ಚುಚ್ಚುತ್ತಿದೆ, ಅದನ್ನು ಕತ್ತರಿಸುವಂತಿಲ್ಲ, ಕತ್ತರಿಸಿದರೆ ಅಂಗಡಿಯವರು ಬದಲಾಯಿಸಿ ಕೊಡುವುದಿಲ್ಲ, ಮೂವತ್ತು ದಿನ ಎಂದಿದ್ದರು, ಇವತ್ತು ಮೂವತ್ತನೆಯದು, ನಾಲ್ಕು ಗಂಟೆಗೆ ಕೊರಿಯರ್‌ನವನು ಬರುತ್ತಾನೆ, ಈಗ ಮೂರೂ ಇಪ್ಪತ್ತು. ಕನ್ನಡಿಯಲ್ಲಿ ಬದನೆಕಾಯಿ ಬಣ್ಣದ ರೇಷ್ಮೆ, ಅದರ ಮೇಲೆ ಒಂದು ಮುಖ. ಸೊಂಟದ ಹತ್ತಿರ ಬಟ್ಟೆ ಮೈಯನ್ನು ಮುಟ್ಟುವುದೇ ಇಲ್ಲ, ಹಿಡಿದರೆ ಮುಷ್ಟಿ ತುಂಬ ಬರುತ್ತದೆ, ನಿನ್ನೆ ಕೆಳಗಿನ ಮನೆಯ ಡಾಕ್ಟರ್ ಫ್ಲಾವಿಯಾ ಅಲ್ಲಿಯೇ ಹಿಡಿದು ಹಿಂದಕ್ಕೆ ಎಳೆದಿದ್ದರು, ಅಯ್ಯೋ ಮಾರಾಯ್ತಿ, ಇದರೊಳಗೆ ನಿನ್ನೊಟ್ಟಿಗೆ ನಾನೂ ಹೊಗ್ಗಬಹುದು, ನಿಲ್ಲು, ಹೊಟ್ಟೆ ಒಳಗೆ ಎಳ್ಕೊಳ್ಬೇಡ, ಆ ಹೊಟ್ಟೆಯಾದ್ರೂ ಎಲ್ಲುಂಟು ಹೇಳು — ಮಂಗಳೂರಿನ ಮಾತು, ಆಸ್ಪತ್ರೆಯ ಕೈ, ಟೇಪು ತಣ್ಣಗಿತ್ತು. ಎದೆ, ಸೊಂಟ, ಸೊಂಟದ ಕೆಳಗೆ, ಒಂದೊಂದನ್ನೂ ಜೋರಾಗಿ ಹೇಳಿ ಫೋನಿನಲ್ಲಿ ಅಂಗಡಿಯವರ ಪಟ್ಟಿ ತೆರೆದು ನೋಡಿ, ನೀನು ನಲ್ವತ್ತು, ಇಟಲಿದು ನಲ್ವತ್ತು, ಇದು ನಲ್ವತ್ನಾಲ್ಕು, ಎರಡು ಸೈಜು ದೊಡ್ಡದು, ಪಾಪ, ಗಂಡಸರಿಗೆ ಎಲ್ಲಿ ಗೊತ್ತಾಗ್ತದೆ ಇದೆಲ್ಲ.

ಗಂಡಸರಿಗೆ ಎಲ್ಲಿ ಗೊತ್ತಾಗ್ತದೆ. ರಾತ್ರಿಯೆಲ್ಲ ಅದೊಂದೇ ಮಾತು ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ನಾರಿನ ಹಾಗೆ. ಅಂಗಡಿಯವರು ಕಳಿಸಿದ ಅರ್ಜಿ ಮಂಚದ ಮೇಲಿದೆ, ಬೇಕಾದ ಸೈಜು, ನಲವತ್ತು ಎಂದು ಫ್ಲಾವಿಯಾ ಆಗಲೇ ಬರೆದುಬಿಟ್ಟಿದ್ದಾರೆ, ಅದು ಒಂದೇ ಒಂದು ಉಳಿದಿದೆಯಂತೆ, ಅದರ ಕೆಳಗೆ ಬದಲಾವಣೆಗೆ ಕಾರಣ, ನಾಲ್ಕು ಚೌಕ, ಬಣ್ಣ ಒಪ್ಪಿಗೆಯಾಗಲಿಲ್ಲ, ಬಟ್ಟೆಯಲ್ಲಿ ದೋಷ, ಮನಸ್ಸು ಬದಲಾಯಿತು, ಅಳತೆ ತಪ್ಪಾಗಿತ್ತು. ಅದನ್ನು ಮಾತ್ರ ನೀನೇ ಟಿಕ್ ಮಾಡು, ಸೈನ್ ಮಾಡು, ಅಷ್ಟು ಮಾಡ್ಲಿಕ್ಕೆ ಆಗ್ತದಲ್ಲ. ಆಗುತ್ತದೆ. ಒಂದು ಗೀರು. ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್‌ಸಿ. ಮಾಡಿದವಳು, ಇಂಥ ಚೌಕಗಳನ್ನು ಸಾವಿರಗಟ್ಟಲೆ ಎಣಿಸಿದವಳು. ಇಟಲಿಯ ನಲವತ್ತನಾಲ್ಕು ಎಂದರೆ ಇಲ್ಲಿ ವೆಸ್ಟ್‌ಲ್ಯಾಂಡ್ಸ್ ಅಂಗಡಿಗಳಲ್ಲಿ ಹನ್ನೆರಡು, ಅಮೆರಿಕದಲ್ಲಿ ಎಂಟು, ಮೈಸೂರಿನಲ್ಲಿ ಎಲ್, ಕೆಲವು ಕಡೆ ಎಂ, ಮೈ ಒಂದೇ. ಪಾರ್ಕ್‌ಲ್ಯಾಂಡ್ಸಿನ ಗುಜರಾತಿ ಟೈಲರ್ ಅಂತೂ ನಂಬರನ್ನೇ ಕೇಳುವುದಿಲ್ಲ, ಅಳತೆ ಬ್ಲೌಸ್ ತಂದ್ರಾ ಎನ್ನುತ್ತಾನೆ, ಅವಳೂ ಬೀರುವಿನಿಂದ ನೀಲಿ ಬ್ಲೌಸ್ ತೆಗೆದುಕೊಂಡು ಹೋಗಿ ಕೊಟ್ಟು ಬರುತ್ತಾಳೆ, ಆರು ವರ್ಷದಿಂದ ಅದೇ ನೀಲಿ. ಮಾರ್ಚಿನಲ್ಲಿ ರೋಮಿನ ಆ ಅಂಗಡಿಯಿಂದ ಶ್ರೀಹರಿ ವಿಡಿಯೋ ಕಾಲ್ ಮಾಡಿ, ಜಾನು, ನಿನ್ ಸೈಜೆಷ್ಟೇ, ಬೇಗ ಹೇಳು, ಇವರು ಆರು ಗಂಟೆಗೆಲ್ಲ ಬಾಗಿಲು ಹಾಕ್ತಾರೆ ಎಂದಾಗ ಅವಳು ಇಲ್ಲೇ, ಈ ಕನ್ನಡಿಯ ಮುಂದೆಯೇ ತಲೆ ಬಾಚುತ್ತ, ನಂಗೇನ್ ಗೊತ್ತು, ನನ್ನ ಅಳತೆ ಬ್ಲೌಸ್ ಒಯ್ಯಬೇಕಿತ್ತು ನೀನು. ಅವನು ನಕ್ಕ. ಇಟಲಿಯವರಿಗೆ ಅಳತೆ ಬ್ಲೌಸ್ ತೋರಿಸ್ಲಾ, ಹೊರಗೆ ಹಾಕ್ತಾರೆ ಕಣೇ. ಆಮೇಲೆ ಫೋನನ್ನು ಕೌಂಟರಿನ ಮೇಲೆ ಯಾವುದಕ್ಕೋ ಒರಗಿಸಿ ನಿಲ್ಲಿಸಿದ, ಹಿಂದಕ್ಕೆ ಸರಿದ, ಎರಡು ಕೈಗಳನ್ನು ಮುಂದೆ ಚಾಚಿ, ಅಂಗೈಗೆ ಅಂಗೈ ಎದುರಾಗಿ, ನಡುವೆ ಯಾರನ್ನೋ ಹಿಡಿದುಕೊಂಡವನ ಹಾಗೆ ನಿಂತ, ಇಷ್ಟು, ಹರ್ ವೇಸ್ಟ್, ದಿಸ್ ಮಚ್. ಕಪ್ಪು ಕೋಟಿನ ಹುಡುಗಿ ನಗಲಿಲ್ಲ, ಕುತ್ತಿಗೆಯಲ್ಲಿದ್ದ ಟೇಪು ತೆಗೆದು ಅವನ ಒಂದು ಅಂಗೈಯಿಂದ ಇನ್ನೊಂದು ಅಂಗೈಗೆ ಹಿಡಿದಳು, ಅಲುಗಾಡಬೇಡಿ ಎಂದಿರಬೇಕು, ಅವನು ಅಲುಗಾಡದೆ ನಿಂತ.

ಅಷ್ಟು ದಪ್ಪ ಇದ್ದೀನಾ ನಾನು ಎಂದು ಇವಳು ಫೋನಿನೊಳಗಿಂದ ಕೂಗಿದ್ದಳಲ್ಲ, ಶ್ರೀ, ಕಡಮೆ ಮಾಡು, ಮಾನ ಕಳೀಬೇಡ. ಅವನು ಕೈಗಳನ್ನು ಒಂದು ಬೆರಳಿನಷ್ಟು ಹತ್ತಿರ ತಂದ, ನೋಡಿದ, ತಲೆ ಅಲ್ಲಾಡಿಸಿ ಮತ್ತೆ ಮೊದಲಿನ ಜಾಗಕ್ಕೇ ಒಯ್ದ. ಸುಮ್ನಿರೇ, ನನ್ ಕೈಗೆ ಗೊತ್ತು. ಗೊತ್ತಿತ್ತೇ. ಆ ಸೈಜಿನಲ್ಲಿ ಆ ಬಣ್ಣ ಅಲ್ಲಿರಲಿಲ್ಲ, ಹೊಲಿಸಿ ಕಳಿಸಲು ಹತ್ತು ವಾರ ಬೇಕು ಎಂದರು, ಅವನು ವಾಪಸ್ ಬಂದ, ಏಪ್ರಿಲ್‌ನ ಒಂದು ಮಂಗಳವಾರ ಇಲ್ಲೇ ಗಿಗಿರಿಯ ಆಫೀಸಿನಲ್ಲಿ ಮೀಟಿಂಗಿನ ನಡುವೆ ಎದೆ ಹಿಡಿದುಕೊಂಡು ಕುಳಿತವನು ಏಳಲಿಲ್ಲ, ಮೂವತ್ತೇಳು, ಅದೂ ಒಂದು ನಂಬರು, ಜೂನ್‌ನಲ್ಲಿ ಅವನ ಹೆಸರಿಗೆ ಪೆಟ್ಟಿಗೆ ಬಂತು, ಕೊರಿಯರ್‌ನವನು ಮಿಸ್ಟರ್ ಶ್ರೀಹರಿ ಇದ್ದಾರಾ ಎಂದ, ಇಲ್ಲ ಎಂದಳು, ಸಹಿ ಹಾಕಿದಳು. ಆಗಲೂ ಅಳು ಬರಲಿಲ್ಲ. ಪೆಟ್ಟಿಗೆ ತೆರೆದಿದ್ದು ಮೊನ್ನೆ. ನೆಲದ ಮೇಲೆ ಕಾಲು ತಣ್ಣಗಾಗಿದೆ, ಭೂಮಧ್ಯರೇಖೆಯ ಕೆಳಗಿನ ಈ ಊರಿನ ಜುಲೈ ಚಳಿ, ಕಿಟಕಿಯಾಚೆ ರಿವರ್‌ಸೈಡ್ ರಸ್ತೆಯಲ್ಲಿ ಯಾರದೋ ಕಾರು ಹಾರ್ನ್ ಹೊಡೆಯುತ್ತಿದೆ. ಅವನು ತಪ್ಪು ತೋರಿಸಿದ್ದನೋ. ಆರು ವರ್ಷ ಪಕ್ಕದಲ್ಲಿ ಮಲಗಿದವನು, ಕುಕ್ಕರಿನ ಮುಂದೆ ನಿಂತಾಗ ಹಿಂದಿನಿಂದ ಬಂದು ಹಿಡಿದುಕೊಳ್ಳುತ್ತಿದ್ದವನು, ಆ ಕೈಗೇ ಗೊತ್ತಿರಲಿಲ್ಲವೇ, ಎರಡು ಸೈಜು, ಬೇರೆ ಯಾರನ್ನೋ ಹಿಡಿದವನ ಹಾಗೆ — ಛೆ. ಚೌಕದಲ್ಲಿ ಗೀರೆಳೆದರೆ ಅಷ್ಟೇ, ಅಳತೆ ತಪ್ಪಾಗಿತ್ತು, ಕೆಳಗೆ ಜಾಹ್ನವಿ ಶ್ರೀಹರಿ.

ನೀಲಿ ಬ್ಲೌಸ್. ಅದು ಸುಳ್ಳು ಹೇಳುವುದಿಲ್ಲ, ಅದಕ್ಕೇ ಅಲ್ಲವೇ ಅದನ್ನು ಇಟ್ಟುಕೊಂಡಿರುವುದು. ಡ್ರೆಸ್ಸು ಬಿಚ್ಚಿ ಮಂಚದ ಮೇಲೆ ಹರಡಿದಳು, ಬೀರುವಿನ ಮೂಲೆಯಿಂದ ಬ್ಲೌಸ್ ಎಳೆದಳು, ತೋಳಿನಲ್ಲಿ ಟೈಲರನ ಸೀಮೆಸುಣ್ಣದ ಗೆರೆ ಇನ್ನೂ ಇದೆ, ಫೆಬ್ರವರಿಯದು, ಆಗ ಕೊನೆಯ ಹುಕ್ಕು ಹಾಕಲು ಉಸಿರು ಹಿಡಿಯಬೇಕಿತ್ತು, ಊಟದ ಮೇಲೆ ಬಿಚ್ಚಬೇಕಿತ್ತು, ನಿನ್ ಬ್ಲೌಸು ಪಾಯಸದ ಲೆಕ್ಕ ಇಡತ್ತೆ ಕಣೇ ಎನ್ನುತ್ತಿದ್ದ. ಮೊದಲ ಹುಕ್ಕು, ಎರಡು, ಮೂರು, ಕೊನೆಯದು, ಎಳೆಯಬೇಕಾಗಲೇ ಇಲ್ಲ, ಅದರಷ್ಟಕ್ಕೆ ಅದೇ ಬಂದು ಕುಳಿತಿತು. ಹಿಂದೆ ಕೈ ಒಯ್ದು ಹಿಡಿದು ನೋಡಿದಳು. ಮುಷ್ಟಿ ತುಂಬ ಬಂತು. ಅಲ್ಲೂ ಒಂದು ಮುಷ್ಟಿ, ಇಲ್ಲೂ ಒಂದು ಮುಷ್ಟಿ, ಒಂದೇ. ಮಂಚದ ತುದಿಯಲ್ಲಿ ಕುಳಿತಳು. ಅವನದು ಸರಿಯಾಗಿತ್ತು. ಬೆರಳಷ್ಟೂ ಹೆಚ್ಚಿಲ್ಲ, ಕಡಮೆಯಿಲ್ಲ, ಸಮುದ್ರದಾಚೆ ಬರಿಯ ಗಾಳಿಯಲ್ಲಿ ಹಿಡಿದು ತೋರಿಸಿದ್ದು ಸರಿಯಾಗಿತ್ತು, ಅಷ್ಟು ಇದ್ದಳು ಜಾಹ್ನವಿ. ಆ ಮುಷ್ಟಿಯಷ್ಟು ಎಲ್ಲಿ ಹೋಯಿತು. ಮನೆಗೆಲಸದ ಅಕಿನ್ಯಿ ದಿನಾ ಬೆಳಿಗ್ಗೆ ರಾಗಿ ಗಂಜಿ ಮಾಡಿ ತಂದು ಎದುರಿಗೆ ಇಡುತ್ತಾಳೆ, ಉಜಿ, ಮದಾಮ್, ಕಿಡೋಗೋ, ಸ್ವಲ್ಪ ಕುಡಿಯಿರಿ ಎಂದು ಅಲ್ಲಿಯೇ ನಿಲ್ಲುತ್ತಾಳೆ, ಎರಡು ಗುಟುಕು, ಇಲ್ಲಿಯ ಮಾತಿನಲ್ಲೇ ಒಂದು ಥ್ಯಾಂಕ್ಸ್, ಅಸಾಂಟೆ, ಸಾಕು. ಇದು ಹೋದರೆ ನಲವತ್ತು ಬರುತ್ತದೆ, ಮೈಗೆ ಸರಿಯಾಗಿ ಕೂರುತ್ತದೆ, ಜಿಪ್ಪು ಎಳೆಯಲು ಯಾರಾದರೂ ಬೇಕಾಗುತ್ತಾರೆ. ಇಟ್ಟುಕೊಂಡರೆ ಯಾವತ್ತೂ ಹಾಕಿಕೊಳ್ಳಲಾಗದು. ಹಾಕಿಕೊಳ್ಳಲು ಮತ್ತೆ ಅಷ್ಟಾಗಬೇಕು, ಅಷ್ಟಾಗಲು ಉಣ್ಣಬೇಕು, ಅನ್ನ, ಸಾರು, ಪಾಯಸ, ಯಾರಿಗೋಸ್ಕರ.

ಗೋಡೆಯ ಫೋನು ಬಡಿದುಕೊಳ್ಳುತ್ತಿದೆ, ಗೇಟಿನಿಂದ, ಅಕಿನ್ಯಿ ಎತ್ತಿಕೊಂಡಳು, ಬಾಗಿಲ ಬಳಿ ಬಂದಳು, ಮದಾಮ್, ಪಾರ್ಸೆಲ್ ಹುಡುಗ, ಬೈಕ್ ಆಫ್ ಮಾಡಿಲ್ಲ, ಬೇಗ ಅಂತಿದಾನೆ, ಮೇಲೆ ಬರಲಿಕ್ಕೆ ಹೇಳ್ಲಾ. ಹೇಳು ಎನ್ನಬೇಕು, ಬೇಡ ಎನ್ನಬೇಕು, ಎರಡರಲ್ಲಿ ಒಂದು. ಫ್ಲಾವಿಯಾ ಸಂಜೆ ಬಂದು ಕೇಳುತ್ತಾರೆ, ಕಳಿಸಿದ್ಯಾ. ಡ್ರೆಸ್ಸನ್ನು ಮಡಿಸಿದಳು, ಪೆಟ್ಟಿಗೆಯ ತೆಳು ಕಾಗದದ ಮೇಲೆ ಇಟ್ಟಳು, ಮುಚ್ಚಳ ಹಾಕಲಿಲ್ಲ, ಮತ್ತೆ ತೆಗೆದಳು, ಮತ್ತೆ ಇಟ್ಟಳು. ಪೆನ್ನು ಕೈಯಲ್ಲಿದೆ, ನಾಲ್ಕು ಚೌಕ, ಬಣ್ಣ ಒಪ್ಪಿಗೆಯಾಗಿದೆ, ಬಟ್ಟೆಯಲ್ಲಿ ದೋಷವಿಲ್ಲ, ಮನಸ್ಸು, ಮನಸ್ಸು ಎಲ್ಲಿದೆ, ಅಳತೆ — ತಪ್ಪಾಗಿರಲಿಲ್ಲ. ಐದನೆಯ ಚೌಕ ಇಲ್ಲ. ಮದಾಮ್, ಅಕಿನ್ಯಿ ಮತ್ತೆ ಕರೆಯುತ್ತಾಳೆ, ಮೆತ್ತಗೆ, ಕೆಳಗೆ ಬೈಕು ಗುರುಗುಟ್ಟುತ್ತಲೇ ಇದೆ, ಜಾಹ್ನವಿ ಹೂಂ ಎನ್ನಲು ಬಾಯಿ ತೆರೆದಳು, ಪೆನ್ನಿನ ತುದಿ ಕಾಗದದ ಮೇಲೆ ಇಳಿಯುತ್ತಿಲ್ಲ, ಇನ್ನೊಂದು ಕೈ ಸಡಿಲ ಬ್ಲೌಸಿನ ಬೆನ್ನಲ್ಲಿ, ಬಟ್ಟೆಯನ್ನು ಹಿಡಿದುಕೊಂಡೇ ಇದೆ, ಮತ್ತು ಅಲ್ಲಿ ಆ ಕೌಂಟರಿನ ಎದುರು ಅವನು ನಿಂತಿದ್ದಾನೆ, ಅಂಗೈಗೆ ಅಂಗೈ ಎದುರಾಗಿ, ಕಪ್ಪು ಕೋಟಿನ ಹುಡುಗಿ ಟೇಪು ಹಿಡಿದಿದ್ದಾಳೆ, ಇಷ್ಟು, ಎನ್ನುತ್ತಾನೆ, ಎರಡು ಕೈ, ನಡುವೆ ಏನೂ ಇಲ್ಲ, ಇಷ್ಟು, ಅಲುಗಾಡದೆ, ಎರಡು ಕೈ