ತಲೆ-ಬಾಲ ಕೂಡದ ಗೆರೆ

೧
ಎಲ್ಲಿಂದ ಶುರು ಮಾಡಲಿ? ಸರ್ಪಸುತ್ತಿನಿಂದ ಮಾಡಿದರೆ ಜಾನಪದವಾಗುತ್ತದೆ, ರೋಗನಿರೋಧಕ ಕಣಗಳಿಂದ ಮಾಡಿದರೆ ಪಠ್ಯಪುಸ್ತಕ. ಎರಡೂ ಡ್ರಾಫ್ಟ್ ಹರಿದು ಹಾಕಿದ್ದೇನೆ. ಎರ್ರಮ್ಮನ ಪಕ್ಕೆಯಿಂದ ಶುರು ಮಾಡುತ್ತೇನೆ.

ಸರ್ಪಸುತ್ತಿನ ಗುಳ್ಳೆ ಒಣಗಿ ವರ್ಷವಾಯಿತು. ಉರಿ ಹೋಗಿಲ್ಲ. ಸೆರಗು ತಾಗಿದರೂ ಕೆಂಡ. ಮಡಕಶಿರ ಸೀಮೆಯ ಗುಡಿಬಂಡೆಯ ಪಕ್ಕದ ತೋಟದಲ್ಲಿ ಒಂದು ಕೈಯಲ್ಲಿ ಬಟ್ಟೆ ಎತ್ತಿ ಹಿಡಿದು, ಇನ್ನೊಂದರಲ್ಲಿ ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಾಳೆ.

"ಗಾಯಾನೇ ಇಲ್ಲ, ನೋವೆಲ್ಲಿಂದ ಬಂತೇ? ಸೋಮಾರಿತನ," ಎನ್ನುತ್ತಾನೆ ಗಂಡ ಚಿತ್ತಪ್ಪ.

(ಅವನನ್ನು ದುಷ್ಟ ಮಾಡುವುದು ಸುಲಭ. ಆದರೆ ರೇಷ್ಮೆಹುಳುಗಳಿಗೆ ಸೊಪ್ಪು ಹಾಕುವವನು ಈಗ ಅವನೊಬ್ಬನೇ. ಅವನೂ ದಣಿದಿದ್ದಾನೆ. ನಾನೂ.)

೨
ಶ್ರೀಲತಾ, ರಾಯದುರ್ಗದವಳು, ಮಡಕಶಿರದಲ್ಲೊಂದು ಬಾಡಿಗೆ ಕೋಣೆ ಹಿಡಿದು ರಿಸರ್ಚ್ ಮಾಡುತ್ತಿದ್ದಾಳೆ. ಅವಳ ಪ್ರಶ್ನೆ ಇಷ್ಟೇ: ವೈರಸ್ ಜೊತೆ ಹೋರಾಡಲು ಬಂದ ಕಣಗಳು, ಹೋರಾಟ ಮುಗಿದ ಮೇಲೂ ನರದ ಬಳಿಯೇ ಉಳಿದು ಅದನ್ನು ಕೆರಳಿಸುತ್ತಿರಬಹುದೇ?

"ಕಳ್ಳ ಹೋದ್ಮ್ಯಾಲೂ ನಾಯಿ ಬೊಗಳ್ತಾನೇ ಐತೆ ಅಂತೀರ?" ಹೆಂಡತಿಯನ್ನು ಅಲ್ಲಿಗೆ ಕರೆತಂದ ಚಿತ್ತಪ್ಪ ನಕ್ಕ.

"ಹಂಗಂತ ಅನುಮಾನ ಐತ್ರಿ. ಇನ್ನೂ ಗೊತ್ತಿಲ್ರಿ."

(ಇದನ್ನೇ ಹೇಳಲು ನಾನು ಎರಡು ಪುಟ ಬರೆದಿದ್ದೆ. ತೆಗೆದೆ.)

ಮೊದಲ ಡ್ರಾಫ್ಟಿನಲ್ಲಿ ಒಂದು ಇಂಜೆಕ್ಷನ್, ನೋವು ಮಾಯ. "ಯಾವ ಅಂಗ್ಡೀಲಿ ಸಿಗ್ತೈತಪ್ಪ ಅದು?" ಎಂದು ಎರ್ರಮ್ಮ ನನ್ನನ್ನೇ ಕೇಳಿದಳು. ಹೊಡೆದು ಹಾಕಿದೆ.

೩
ಕೋಣೆಯಲ್ಲಿ ಶ್ರೀಲತಾ ಎರ್ರಮ್ಮನ ಕಣ್ಣು ಮುಚ್ಚಿಸಿ ಪಕ್ಕೆಯ ಮೇಲೆ ಹತ್ತಿಯ ಎಳೆ ಸವರಿದಳು. ಬೆಚ್ಚಿದ ಕಡೆ ಪೆನ್ನಿನ ಚುಕ್ಕೆ. ಮತ್ತೆ ಮೊದಲಿಂದ. ಅದೇ ಜಾಗ, ಅದೇ ಬೆಚ್ಚು. ಚಿತ್ತಪ್ಪ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ನಗುತ್ತಿರಲಿಲ್ಲ.

ಆಮೇಲೆ ಶ್ರೀಲತಾ ಚುಕ್ಕೆಗಳನ್ನು ಕೂಡಿಸುತ್ತ ಬಂದಳು.

"ಸೇರುಸ್ಬ್ಯಾಡ ಕಣವ್ವ!" ಎರ್ರಮ್ಮ ಅವಳ ಕೈ ಹಿಡಿದಳು.

ಊರಲ್ಲಿ ಸರ್ಪಸುತ್ತಿಗೆ ಕೆಮ್ಮಣ್ಣಿನ ಗೆರೆ ಬರೆಯುವ ಬೊಮ್ಮಣ್ಣ, ಹಾವಿನ ತಲೆಗೂ ಬಾಲಕ್ಕೂ ನಡುವೆ ಬೆರಳಗಲ ಬಿಡುತ್ತಾನೆ. ಕೂಡಿದರೆ ಜೀವ ಹೋಗುತ್ತದೆಂದು ನಂಬಿಕೆ.

"ಗೆರಿ ಕೂಡ್ಲಿಲ್ಲಂದ್ರ ಉರಿಯೋ ಜಾಗದ ಅಳತಿ ಸಿಗಂಗಿಲ್ರಿ ಅವ್ವಾ. ಕಂಪ್ಯೂಟರ್ ತಗೊಳಂಗಿಲ್ಲ."

"ನಿನ್ ಕಂಪ್ಯೂಟರ್‌ಗೆ ಪಕ್ಕೆ ಐತಾ?"

ಚಿತ್ತಪ್ಪ ಬೈಯುತ್ತಾನೆಂದು ಬರೆಯಲು ಹೊರಟೆ. ಅವನು ನನ್ನ ಮಾತು ಕೇಳಲಿಲ್ಲ.

"ಬುಡಮ್ಮ, ಸೇರುಸ್ಬ್ಯಾಡ," ಎಂದ. "ಅವಳಿಗೆ ನೋಯ್ತೈತೆ."

೪
ಇಲ್ಲೇ ನಿಲ್ಲಿಸು ಅನ್ನುತ್ತೀರಿ. ನೋವು ನಿಂತಿಲ್ಲವಲ್ಲ. ಗೆರೆ ಕೂಡದ ಎರ್ರಮ್ಮನನ್ನು ಅಧ್ಯಯನಕ್ಕೆ ಸೇರಿಸಿಕೊಳ್ಳುತ್ತಾರೋ ಇಲ್ಲವೋ, ಶ್ರೀಲತಾಗೂ ತಿಳಿಯದು.

ಆಟೋವರೆಗೆ ಚಿತ್ತಪ್ಪ ಹೆಂಡತಿಯ ಸೆರಗನ್ನು ಪಕ್ಕೆಗೆ ತಾಗದಂತೆ ಹಿಡಿದುಕೊಂಡು ನಡೆದ.

"ಜನ ನೋಡ್ತವ್ರೆ, ಬುಡು."

"ನೋಡ್ಲಿ."

ನಾಳೆ ಅವನು ಮರೆಯಬಹುದು. ಮರೆಯದಿರಬಹುದು. ಮುಗಿಸೋಣವೆಂದು ಪೆನ್ನು ಎತ್ತಿದರೆ ಎರ್ರಮ್ಮ ನನ್ನ ಕೈಯನ್ನೂ ಹಿಡಿಯುತ್ತಾಳೆ. ಬೆರಳಗಲ ಬಿಟ್ಟಿದ್ದೇನೆ.