ಸಿದ್ಲಿಂಗಿಯ ಹೆಸರು ಉಜ್ಜಿಹೋದ ಪುಸ್ತಕ

ಕಂಪ್ಯೂಟರನ್ನು ಬಗ್ಗಿಸಿ ನಾಟಿ ಪದ ಹಾಡಿಸಿದ ಮುದುಕಿ ಈ ಸೀಮೆಯಲ್ಲಿ ಯಾರಾದರೂ ಇದ್ದರೆ ಅದು ನಾನೇ, ಕಿರಂಗೂರಿನ ಸೋಮಮ್ಮ. ನಾಗಮಂಗಲದ ಕಡೆಯವರೂ ಒಪ್ಪುತ್ತಾರೆ. ಇದರಲ್ಲಿ ಅರ್ಧ ಸುಳ್ಳು, ಮಾನಸ. ಯಾವ ಅರ್ಧ ಎಂದು ಈಗಲೇ ಕೇಳಬೇಡ. ನೀನು ಪಕ್ಕದ ಮನೆಗೆ ಸೊಸೆಯಾಗಿ ಬಂದು ಇನ್ನೂ ಮೂರು ತಿಂಗಳು. ನನ್ನ ಮಾತಿನಲ್ಲಿ ಹಾಲೆಷ್ಟು ನೀರೆಷ್ಟು ಎಂದು ಡೈರಿಯವರ ಹಾಗೆ ಅಳೆಯಲು ನಿನಗೆ ಬರುವುದಿಲ್ಲ. ಸುಮ್ಮನೆ ಅವರೆಕಾಯಿ ಬಿಡಿಸುತ್ತಾ ಕೇಳು.

ನನ್ನ ಓದು ಎರಡನೇ ಕ್ಲಾಸು. ಅದೂ ಎರಡನೇ ಕ್ಲಾಸಿನ ಬಾಗಿಲವರೆಗೆ. ಅಕ್ಷರ ಕೂಡಿಸಿ ಒಂದು ಸಾಲು ಓದಿ ಮುಗಿಸುವಷ್ಟರಲ್ಲಿ ಒಲೆಯ ಮೇಲಿನ ಅನ್ನ ತಳ ಹಿಡಿದಿರುತ್ತದೆ. ಆದರೆ ಗಂಟಲು ಮಾತ್ರ ದೇವರು ಧಾರಾಳವಾಗಿ ಕೊಟ್ಟ. ನಾನು ಇಲ್ಲಿಯ ಗದ್ದೆಯಲ್ಲಿ ಪದ ಎತ್ತಿದರೆ ಶ್ರೀರಂಗಪಟ್ಟಣದ ಸ್ಟೇಷನ್ನಿನಲ್ಲಿ ರೈಲು ನಿಂತು ಕೇಳುತ್ತಿತ್ತು. ರೈಲು ಅಲ್ಲಿ ಹೇಗೂ ನಿಲ್ಲುತ್ತಿತ್ತು, ಆ ಮಾತು ಬೇರೆ.

ನನ್ನ ಮಗಳ ಮಗಳು ಸ್ಪಂದನ ನಿನಗೆ ಗೊತ್ತಲ್ಲ, ನನ್ನ ಜೊತೆಗಿದ್ದುಕೊಂಡು ಡಿಗ್ರಿ ಓದುತ್ತಿದ್ದಾಳೆ, ಕಂಪ್ಯೂಟರು. ಹೋದ ವರ್ಷ ಒಂದು ದಿನ ಫೋನನ್ನು ನನ್ನ ಬಾಯಿಗೆ ಹಿಡಿದು ಕೂತಳು. "ಅಜ್ಜಿ, ನಿನ್ ಪದ ಎಲ್ಲಾ ಹೇಳು. ಬರ್ಕೊಂಡು ಪುಸ್ತಕ ಮಾಡ್ಸಣ."

"ಎಷ್ಟು ಬೇಕು? ಸಾವಿರ ಬತ್ತವೆ" ಎಂದೆ.

ಮಳೆಗಾಲ ಮುಗಿಯುವಷ್ಟರಲ್ಲಿ ಅರವತ್ತೆರಡಕ್ಕೆ ಸಾವಿರ ಮುಗಿಯಿತು.

ಆ ಹುಡುಗಿಗೆ ಒಂದು ಕೆಟ್ಟ ಚಾಳಿ. ಪ್ರತಿ ಪದ ಮುಗಿದ ಮೇಲೂ "ಇದ್ನ ಯಾರ್ ಕಟ್ಟಿದ್ದು ಅಜ್ಜಿ?" ಎಂದು ಕೇಳುವುದು. ನಲವತ್ತು ವರ್ಷದಿಂದ ಯಾರೂ ಕೇಳದ ಪ್ರಶ್ನೆ ಅದು. ಸೋಮಮ್ಮ ಹಾಡಿದಳೆಂದರೆ ಸೋಮಮ್ಮನದೇ ಎಂದು ಊರೇ ಅಂದುಕೊಂಡಿತ್ತು. ನಾನೂ ಅಂದುಕೊಂಡುಬಿಟ್ಟಿದ್ದೆ. ಆದರೆ ಪದ ಕಟ್ಟುತ್ತಿದ್ದವಳು ಸಿದ್ದಲಿಂಗಮ್ಮ, ನನ್ನ ಸಿದ್ಲಿಂಗಿ. ಕಿಕ್ಕೇರಿಯಿಂದ ಇಲ್ಲಿಗೆ ಮದುವೆಯಾಗಿ ಬಂದವಳು. ನಾಟಿಗೆ ನಾವಿಬ್ಬರೂ ಪಕ್ಕಪಕ್ಕ ಬಗ್ಗುತ್ತಿದ್ದೆವು. ಅವಳು ಗೊಣಗಿದ ಹಾಗೆ ಒಂದು ಸಾಲು ಕಟ್ಟುವಳು, ನಾನು ಅದನ್ನು ಕಿತ್ತುಕೊಂಡು ಇಡೀ ಬಯಲಿಗೆ ಕೇಳುವಂತೆ ಕೂಗುವೆ. ಹನ್ನೆರಡು ವರ್ಷ ಹೀಗೇ ನಡೆಯಿತು. ಆಮೇಲೆ ಅವಳ ಗಂಡ ಮಾವನ ಜಮೀನು ನೋಡಿಕೊಳ್ಳಲು ಸಂಸಾರ ಕಟ್ಟಿಕೊಂಡು ಕಿಕ್ಕೇರಿಗೇ ಹೋದ. ಪದಗಳು ಇಲ್ಲೇ ಉಳಿದವು, ನನ್ನ ಬಾಯಲ್ಲಿ.

ಮೊಮ್ಮಗಳ ಮುಂದೆ ಏಕೋ ಸುಳ್ಳು ಹೊರಡಲಿಲ್ಲ. "ಇದು ಸಿದ್ಲಿಂಗೀದು" ಎಂದೆ. ಮುಂದಿನದಕ್ಕೂ ಅದನ್ನೇ ಹೇಳಿದೆ. ಹತ್ತನೆಯ ಪದದ ಹೊತ್ತಿಗೆ ನನಗೇ ನಾಚಿಕೆಯಾಗಿ ನಡುವೆ ಒಂದನ್ನು ನನ್ನದು ಎಂದು ಸೇರಿಸಿದೆ.

ಸ್ಪಂದನ ಅವೆಲ್ಲವನ್ನೂ ಕಂಪ್ಯೂಟರಿನಲ್ಲಿ ಬರೆದಳು. ಮೊದಲು ಕಾಲೇಜಿನ ವೆಬ್‌ಸೈಟಿಗೆ ಏರಿಸುವ ಆಸೆ ಅವಳಿಗೆ. ಅದಕ್ಕೆ ಅಕ್ಷರದ ನಡುನಡುವೆ ಟ್ಯಾಗು ಎಂದು ಹಾಕಬೇಕಂತೆ. ಮೊಣಕೈ ಮಡಚಿದಂಥ ಎರಡು ಗುರುತು, ಆ ಮೊಣಕೈಗಳ ನಡುವೆ ಇಂಗ್ಲಿಷಿನ ಒಂದೆರಡು ಅಕ್ಷರ. ಇಲ್ಲಿ ದಪ್ಪ ಮಾಡು, ಇಲ್ಲಿ ಸಾಲು ಮುರಿ ಎಂದು ಯಂತ್ರಕ್ಕೆ ಹೇಳುವ ಮಾತು ಅದು. ಓದುವವರ ಕಣ್ಣಿಗೆ ಕಾಣುವುದಿಲ್ಲ.

"ನನ್ ಗುರ್ತೂ ಅಂಗೇ ಹಾಕ್ಬುಟ್ಟಿವ್ನಿ ಅಜ್ಜಿ" ಎಂದಳು. "ಸಿದ್ಲಿಂಗಜ್ಜಿ ಪದಕ್ಕೆಲ್ಲಾ ಒಂದು ಎಸ್ಸು. ನೀನು ಮರ್ತು ಲೋ ಲೋ ಅಂತ ತುಂಬ್ಸಿದ್ಯಲ್ಲ, ಅಲ್ಲೆಲ್ಲಾ ಒಂದು ಎಮ್ಮು. ಪುಸ್ತಕ ಆಗೋ ಒತ್ಗೆ ಎಸ್ ಇರೋ ಕಡೆ ಅವ್ರ ಎಸ್ರು ತುಂಬ್ತೀನಿ."

"ಎಮ್ ಇರೋ ಕಡೆ?"

"ಅಜ್ಜಿ ಮರ್ತವ್ಳೆ ಅಂತ."

"ಅಂಗಂದ್ರೆ ಪುಸ್ತಕದ ತುಂಬಾ ಅದೇ ಆಯ್ತದಲ್ಲಮ್ಮಿ!"

ಅವಳು ಅಷ್ಟಕ್ಕೇ ಬಿಡಲಿಲ್ಲ. ಸಿದ್ಲಿಂಗಿಗೆ ಫೋನು ಮಾಡಿ, ಅಜ್ಜಿ, ನಿಮ್ಮ ಪದಗಳು ನಿಮ್ಮ ಹೆಸರಿನಲ್ಲಿ ಅಚ್ಚಾಗುತ್ತವೆ ಎಂದು ಹೇಳಿಯೂಬಿಟ್ಟಳು. ಹೆಸರು ಕಂಡೇ ಇಲ್ಲದ ಹೆಂಗಸು. ರೇಷನ್ ಕಾರ್ಡು ಬಿಟ್ಟರೆ ಅವಳ ಹೆಸರು ಎಲ್ಲೂ ಅಚ್ಚಾಗಿರಲಿಲ್ಲ. ಅವತ್ತಿನಿಂದ ಕಿಕ್ಕೇರಿಯ ಸಂತೆಯಲ್ಲಿ ಸೊಪ್ಪು ಕೊಳ್ಳುವಾಗಲೂ ಪುಸ್ತಕದ ಮಾತೇ ಆಡುತ್ತಿದ್ದಳಂತೆ.

ಪಾಂಡವಪುರದಲ್ಲಿ ರವೀಂದ್ರ ಎಂಬವನದೊಂದು ಪ್ರೆಸ್ಸಿದೆ, ಮದುವೆ ಕಾಗದ, ಕರಪತ್ರ ಹಾಕುವುದು. ಸ್ಪಂದನ ಲ್ಯಾಪ್‌ಟಾಪು ಹೊತ್ತುಕೊಂಡು ಹೋಗಿ ತೋರಿಸಿದಳು. ಅವನು ಟ್ಯಾಗುಗಳ ಸಾಲು ನೋಡಿ, "ಏನಮ್ಮಾ ಇದು, ಪದಕ್ಕಿಂತ ಇರುವೇನೇ ಜಾಸ್ತಿ ಅವೆ! ಬರೀ ಅಕ್ಷರ ಮಾಡ್ಕೊಂಡು ಬಾ" ಎಂದನಂತೆ.

ಮನೆಗೆ ಬಂದವಳು ನನ್ನ ಎದುರಿಗೇ ಕೂತಳು. ಒಂದೊಂದೇ ಕಿತ್ತರೆ ದೀಪಾವಳಿ ಬರುತ್ತದೆ, ಅದಕ್ಕೊಂದು ಲೈಬ್ರರಿ ಇದೆ ಎಂದಳು. ಪುಸ್ತಕದ ಮನೆಯಲ್ಲ. ಯಾರೋ ತಿಳಿದವರು ಮೊದಲೇ ಮಾಡಿಟ್ಟಿರುವ ಹತಾರ, ಬೇಕಾದವರು ತೆಗೆದುಕೊಂಡು ಬಳಸುವುದು. ಮೊಣಕೈ ಕಂಡಲ್ಲೆಲ್ಲ ಅದನ್ನೂ ಅದರೊಳಗಿನದನ್ನೂ ಕೆರೆದು ಹಾಕಿ ಅಕ್ಷರ ಮಾತ್ರ ಉಳಿಸುತ್ತದೆ.

"ನಿಮ್ ತಾತನ ಉಜ್ಜುಗೊರಡು ಅನ್ನು" ಎಂದೆ. ನಮ್ಮ ಯಜಮಾನರು ಬಡಗಿ. ಒರಟು ಹಲಗೆಯ ಮೇಲೆ ಅದನ್ನು ನಾಲ್ಕು ಸಲ ಎಳೆದರೆ ಸುರುಳಿ ಸುರುಳಿಯಾಗಿ ಹೊಟ್ಟು ಎದ್ದು ಹಲಗೆ ಹಾಲಿನ ಕೆನೆಯಂತಾಗುತ್ತಿತ್ತು.

ಅವಳು ಎರಡು ಸಾಲು ಬರೆದಳು, ಒಂದು ಗುಂಡಿ ಒತ್ತಿದಳು. ನಾನು ಕಣ್ಣು ಮಿಟುಕಿಸಿರಲಿಲ್ಲ, ಅರವತ್ತೆರಡು ಪದವೂ ತಲೆಗೆ ಎರೆದುಕೊಂಡು ಬಂದ ಮಕ್ಕಳ ಹಾಗೆ ಫಳಫಳ. ಅವಳ ಕೆನ್ನೆ ಸವರಿ ನೆಟಿಗೆ ಮುರಿದೆ. ಹಳೆಯದನ್ನು ಬೇರೆ ಇಡದೆ ಅದರ ಮೇಲೇ ಹೊಸದನ್ನು ಉಳಿಸಿ ರವೀಂದ್ರನಿಗೆ ಕಳಿಸಿದಳು.

ಒಂದು ವಾರಕ್ಕೆ ಕರಡು ಬಂತು. ಅಚ್ಚಿಗೆ ಮುಂಚೆ ತಪ್ಪು ನೋಡುವ ಕಾಗದ. ನಾನು ಕನ್ನಡಕ ಹಾಕಿಕೊಂಡು, ಓದಿದವಳ ಹಾಗೆ ಕತ್ತು ಹಿಂದಕ್ಕೆ ಮಾಡಿ, "ಸಿದ್ಲಿಂಗಿ ಎಸ್ರು ಎಲ್ಲೈತೆ ತೋರ್ಸು" ಎಂದೆ.

ಸ್ಪಂದನ ಹಾಳೆ ತಿರುಗಿಸಿದಳು. ಮತ್ತೆ ಮೊದಲಿಂದ ತಿರುಗಿಸಿದಳು. ಅವಳ ಮುಖ ಹಿಂಡಿದ ನಿಂಬೆಹಣ್ಣಿನಂತಾಯಿತು.

"ಅಜ್ಜೀ... ಎಸ್ ಎಲ್ಲಾ ಒಂಟೋಗವೆ."

"ಎಲ್ಗೆ?"

"ಟ್ಯಾಗಿನ ಜೊತೆ. ನಾನೂ ಮೊಣಕೈ ಒಳ್ಗೇ ಬರ್ದಿದ್ನಲ್ಲ, ಅದ್ಕೆಂಗ್ ಗೊತ್ತಾಯ್ತದೆ ಯಾವ್ದು ನಂದು ಯಾವ್ದು ಯಂತ್ರದ್ದು ಅಂತ? ಎಲ್ಲಾ ಕೆರ್ದಾಕ್ಬುಟ್ಟದೆ."

ಉಜ್ಜುಗೊರಡಿನ ಬುದ್ಧಿಯೇ ಅದು. ಅಳತೆಯ ಪೆನ್ಸಿಲ್ ಗೀಟನ್ನೂ ಮರದ ಸಿಬಿರನ್ನೂ ಒಂದೇ ಪ್ರೀತಿಯಿಂದ ಎತ್ತಿಬಿಡುತ್ತದೆ. ಯಜಮಾನರು ಗೀಟು ಹಾಕಿಟ್ಟಿದ್ದ ಬಾಗಿಲ ಹಲಗೆಯನ್ನು ನಾನೊಮ್ಮೆ ಸಹಾಯ ಮಾಡುತ್ತೇನೆಂದು ಉಜ್ಜಿಕೊಟ್ಟು ಎರಡು ದಿನ ಅವರ ಎದುರಿಗೆ ಸುಳಿದಿರಲಿಲ್ಲ.

"ಫೋನಿನಲ್ಲಿ ನನ್ ದನಿ ಐತಲ್ಲ?"

"ಜಾಗ ಇಲ್ಲ ಅಂತ ಅಳಿಸ್ಬುಟ್ಟೆ ಅಜ್ಜಿ, ವೆಬ್‌ಸೈಟಿಗೂ ಇನ್ನೂ ಏರ್ಸಿಲ್ಲ" ಎಂದು ಅಳಲು ಕೂತಳು.

ಸಮಾಧಾನ ಮಾಡಿದೆ. ಮಾಡುತ್ತಾ ಮಾಡುತ್ತಾ ನನಗೊಂದು ಹೊಳೆಯಿತು. ಎಸ್ಸು ಹೋದ ದಾರಿಯಲ್ಲೇ ಎಮ್ಮೂ ಹೋಗಿತ್ತು. ಎಂದರೆ ಈ ಪುಸ್ತಕದ ಪ್ರಕಾರ ಅರವತ್ತೆರಡು ಪದವೂ ನನ್ನವೇ, ಒಂದನ್ನೂ ನಾನು ಮರೆತಿಲ್ಲ. ಹುಟ್ಟಿದಾಗಿನಿಂದ ನಾನು ಇಷ್ಟು ಬುದ್ಧಿವಂತೆಯಾಗಿದ್ದು ಅದೇ ಮೊದಲು. ನಿಜ ಹೇಳುತ್ತೇನೆ ಮಾನಸ, ಆ ಕರಡನ್ನು ದಿಂಬಿನ ಕೆಳಗಿಟ್ಟುಕೊಂಡು ಮಧ್ಯಾಹ್ನ ಒಂದು ನಿದ್ದೆ ತೆಗೆದೆ. ಸುಖವಾದ ನಿದ್ದೆ.

ಸಂಜೆ ರವೀಂದ್ರನ ಫೋನು ಬಂತು. "ಅಜ್ಜಮ್ಮಾ, ಎಲ್ಲಾ ಸರಿಗೈತಾ? ಪದ ಎಲ್ಲಾ ನಿಮ್ದೇ ತಾನೆ? ಊಂ ಅನ್ನಿ, ನಾಳೆ ಮಿಷನ್ನಿಗಾಕ್ತೀನಿ."

ಒಂದು 'ಊಂ'. ಅದಕ್ಕೆ ನಾಲಿಗೆಯೂ ಬೇಡ, ಮೂಗಿದ್ದರೆ ಸಾಕು. ಬೆಳಗಿನಿಂದ ಸಂಜೆಯವರೆಗೆ ಇನ್ನೂರು ಸುಳ್ಳು ಸಲೀಸಾಗಿ ಹೇಳುವ ನನಗೆ ಅದೊಂದು ಹೊರಡಲಿಲ್ಲ. ಗದ್ದೆಯಲ್ಲಿ ಹೇಳಿದ ಸುಳ್ಳನ್ನು ಗಾಳಿ ತೆಗೆದುಕೊಂಡು ಹೋಗುತ್ತದೆ. ಇದು ಅಚ್ಚಾಗಿ, ಹೊಲಿಗೆ ಹಾಕಿಸಿಕೊಂಡು ಕಿಕ್ಕೇರಿಗೆ ಹೋಗುತ್ತದೆ. ಸಿದ್ಲಿಂಗಿ ಅದನ್ನು ಯಾರ ಕೈಗೋ ಕೊಟ್ಟು, ನನ್ನ ಹೆಸರು ಎಲ್ಲಿದೆ ತೋರಿಸಿ ಎನ್ನುತ್ತಾಳೆ.

"ತಡಿಯಪ್ಪಾ, ಮೂರು ದಿನ ಬುಡು" ಎಂದೆ.

ಕೂತು ನೆನೆಸಿಕೊಂಡೆವು. ಸ್ಪಂದನ ಒಂದೊಂದು ಪದ ಓದುವಳು, ನಾನು ಯಾರದೆಂದು ಹೇಳಬೇಕು. ಹಾಳಾದ್ದು, ಓದಿದ್ದೆಲ್ಲ ನನ್ನದೇ ಅನ್ನಿಸಿತು! ಮೊದಲ ಸಲ ಕೇಳಿದಾಗ ನಿಜ ಹೇಳಿದ್ದ ಬಾಯಿ ಎರಡನೇ ಸಲಕ್ಕೆ ಪಾಲು ಕೇಳುತ್ತಿತ್ತು.

"ಅಜ್ಜಿ, ನಿನ್ನ ನಂಬಕ್ಕಾಗಕಿಲ್ಲ" ಎಂದಳು ಮೊಮ್ಮಗಳು.

"ನಂಗೂ ಅಂಗೇ ಅನ್ನಿಸ್ತಾ ಅದೆ" ಎಂದೆ.

ಮಾರನೆಯ ದಿನ ಪಾಂಡವಪುರದಲ್ಲೊಮ್ಮೆ, ಕೆ.ಆರ್. ಪೇಟೆಯಲ್ಲೊಮ್ಮೆ ಬಸ್ಸು ಬದಲಿಸಿ ಕಿಕ್ಕೇರಿಯಲ್ಲಿ ಇಳಿದೆವು. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಮನಸ್ಸಿನಲ್ಲಿ ಕಟ್ಟಿಕೊಂಡೆ. ಕಟ್ಟುವುದು ನನ್ನ ಕಸುಬಲ್ಲ ಎಂದು ಆಗಲೇ ಗೊತ್ತಾಯಿತು.

ಸಿದ್ಲಿಂಗಿ ಜಗಲಿಯ ಮೇಲೆ ಮಂಡಿಗೆ ಎಣ್ಣೆ ತೀಡಿಕೊಳ್ಳುತ್ತಾ ಕೂತಿದ್ದಳು.

"ಏನಮ್ಮಿ ಸೋಮಿ, ಪುಸ್ತಕ ತಂದ್ಯಾ?"

"ತಂದೆ. ಅದ್ರಲ್ಲಿ ನಿನ್ ಎಸ್ರಿಲ್ಲ" ಎಂದೆ. ಕಟ್ಟಿಕೊಂಡು ಬಂದ ಮಾತೆಲ್ಲ ಬಸ್ಸಿನಲ್ಲೇ ಉಳಿದಿತ್ತು.

ಅವಳು ಎಣ್ಣೆಯ ಬಟ್ಟಲು ಕೆಳಗಿಟ್ಟಳು. ಸ್ಪಂದನ ಮೊಣಕೈ, ಲೈಬ್ರರಿ, ಕೆರೆದದ್ದು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ, ತಪ್ಪು ನನ್ನದು ಎಂದು ಕೈ ಮುಗಿದಳು.

"ನಿಂದಲ್ಲ ಕಣವ್ವ" ಎಂದಳು ಸಿದ್ಲಿಂಗಿ. "ನಿಮ್ಮಜ್ಜಿ ನನ್ ಎಸ್ರ ಕೆರ್ಯಕ್ಕೆ ಸುರು ಮಾಡಿ ನಲವತ್ತು ವರ್ಸಾಯ್ತು. ನಿನ್ ಯಂತ್ರ ಈಗ ಬಂದದೆ. ಓದು, ಯಾವ್ದು ಯಾರ್ದು ನಾ ಯೋಳ್ತೀನಿ."

ಸ್ಪಂದನ ಓದತೊಡಗಿದಳು. "ಬೆನ್ನ ಬಿಸಿಲಿಗೆ ಕೊಟ್ಟು ನಿಂತೀನಿ, ಒಂದು ಮೋಡ ತಾರೆ ತಾಯೆ."

"ನಂದು."

ಹೀಗೇ ನಡೆಯಿತು. ನನ್ನದೆಂದು ನಾನು ಬಾಯಿ ತೆರೆದಾಗಲೆಲ್ಲ ಅವಳು ಆ ಪದ ಹುಟ್ಟಿದ ಗದ್ದೆ ಯಾರದು, ಅವತ್ತು ಬುತ್ತಿಗೆ ಏನಿತ್ತು ಎಂದು ಹೇಳಿ ಬಾಯಿ ಮುಚ್ಚಿಸಿದಳು. ಕೊನೆಗೆ ನನ್ನ ಪ್ರಾಣದಂಥ ಪದ ಬಂತು.

"ಉಜ್ಜುಗೊರಡಿನ ಗಂಡ ಮರವ ನುಣ್ಣಗೆ ಮಾಡ್ಯಾನೆ, ಹೆಂಡ್ತಿ ಮಾತಿನ ಗಂಟು ಮಾತ್ರ ಬಿಟ್ಟು ಹೋಗ್ಯಾನೆ."

"ಇದು ಮಾತ್ರ ನಂದೇ!" ಎಂದು ಎದ್ದು ನಿಂತೆ. "ಬಡಗಿ ನನ್ ಗಂಡನೋ ನಿನ್ ಗಂಡನೋ?"

ಸಿದ್ಲಿಂಗಿ ನಗಲು ಶುರು ಮಾಡಿದಳು. ಮಂಡಿ ಹಿಡಿದುಕೊಂಡು ನಕ್ಕಳು. "ಲೇ ಸೋಮಿ, ಅದು ನಿನ್ ಮ್ಯಾಲೇ ಕಟ್ಟಿದ್ದು ಕಣೇ! ನಿನ್ನ ಆಡ್ಕೊಳಕ್ಕೆ. ಎರಡ್ನೇ ನುಡಿ ನೀ ಕೇಳೇ ಇಲ್ಲ. ನೀನು ಮುಂದಿನ ನಾಟಿ ಸಾಲಿಗೆ ಸರಿದ್ಮೇಲೆ ಇಂದ್ಗಡೆ ನಾವೆಲ್ಲಾ ಮೆಲ್ಲಕ್ಕೆ ಯೋಳ್ಕೊತಿದ್ವಿ." ಮತ್ತೆ ಅದೇ ಗೊಣಗುವ ದನಿಯಲ್ಲಿ ಹಾಡಿದಳು:

"ಗಂಟು ಉಜ್ಜಕ್ಕೋದ್ರೆ ಗೊರಡಿನ ಅಲಗೇ ಮುಕ್ಕಾಯ್ತೈತೆ, ಮೂರು ಊರಿಗೆ ಕೇಳೋ ಬಾಯಿ ಮುಚ್ಚೋ ಬಾಗ್ಲು ಎಲ್ಲೈತೆ?"

ನನ್ನನ್ನು ಆಡಿಕೊಂಡ ಪದವನ್ನು ನಾನೇ ಎದೆ ಉಬ್ಬಿಸಿ ನಲವತ್ತು ವರ್ಷ ಊರೂರಿಗೆ ಹಾಡಿದ್ದೆ. ಮದುವೆ ಮನೆಗಳಲ್ಲಿ ಮತ್ತೊಮ್ಮೆ ಹಾಡಿ ಎಂದಾಗ ಮತ್ತೊಮ್ಮೆಯೂ ಹಾಡಿದ್ದೆ. ಸ್ಪಂದನ ನಗು ತಡೆಯಲು ಸೆರಗಿಲ್ಲದೆ ನನ್ನ ಸೆರಗನ್ನೇ ಬಾಯಿಗೆ ತುರುಕಿಕೊಂಡಳು.

ಎಲ್ಲ ಮುಗಿದಾಗ ಮೂವತ್ತೊಂಬತ್ತು ಅವಳವು. ಹದಿನಾಲ್ಕು ಯಾವ ಕಾಲದ ಯಾರದೋ, ನಮ್ಮಿಬ್ಬರಿಗೂ ಗೊತ್ತಿಲ್ಲ. ಒಂಬತ್ತು ನನ್ನವು. ಆ ಒಂಬತ್ತನ್ನೂ ಅವಳೇ ನೆನೆಸಿಕೊಟ್ಟಳು, ನಾನು ಯಾವ ಬದುವಿನ ಮೇಲೆ ಕೂತು ಕಟ್ಟಿದ್ದೆ ಎಂಬುದರ ಸಮೇತ. ಕದ್ದದ್ದೆಲ್ಲ ನೆನಪಿಟ್ಟಿದ್ದವಳು ನಾನು, ನನ್ನದನ್ನು ನೆನಪಿಟ್ಟಿದ್ದವಳು ಅವಳು.

"ಈಗ ಎಸ್ರು ಬರ್ಕೊಳವ್ವ" ಎಂದಳು ಸ್ಪಂದನಳಿಗೆ. "ಮೊಣಕೈ ಗಿಣಕೈ ಬ್ಯಾಡ. ಕಣ್ಗೆ ಕಾಣೋ ಅಂಗೆ, ಬಿಡ್ಸಿ ಬರಿ. ನನ್ ಮೂವತ್ತೊಂಬತ್ತರ ಕೆಳ್ಗೂ ಒಂದೇ ಸಾಲು: ಕಟ್ಟಿದವಳು ಸಿದ್ದಲಿಂಗಮ್ಮ, ಕದ್ದವಳು ಸೋಮಮ್ಮ."

ಸ್ಪಂದನ ನನ್ನ ಮುಖ ನೋಡಿದಳು. "ಬರ್ಕೊ" ಎಂದೆ. "ಇರೋದೇ ತಾನೆ."

ಹಾಗೇ ಅಚ್ಚಾಯಿತು. ರವೀಂದ್ರ ಎರಡು ಸಲ ಫೋನು ಮಾಡಿ, ಅಜ್ಜಮ್ಮಾ, ಕದ್ದವಳು ಎಂದಿರುವುದು ತಪ್ಪಲ್ಲವೇ ಎಂದು ಕೇಳಿದ ಮೇಲೇ ಅಚ್ಚು ಹಾಕಿದ. ಕಿಕ್ಕೇರಿಯಲ್ಲಿ ಸಿದ್ಲಿಂಗಿ ಅದನ್ನು ಸಂತೆಗೂ ಒಯ್ಯುತ್ತಾಳೆ. ನಾನು ಮಾತ್ರ ನನ್ನ ಒಂಬತ್ತು ಪದಗಳ ಹಾಳೆ ತೆರೆದು ಅಕ್ಷರ ಕೂಡಿಸುತ್ತೇನೆ. ಅವುಗಳ ಕೆಳಗೆ ಏನು ಹಾಕಬೇಕೆಂದು ಅವಳು ಸ್ಪಂದನಳ ಕಿವಿಯಲ್ಲಿ ಹೇಳಿದ್ದಳು, ನನಗೆ ಕೇಳಿಸದ ಹಾಗೆ. ಓದಿ ಮುಗಿಸಲು ನನಗೆ ಎರಡು ದಿನ ಹಿಡಿಯಿತು. ಆಮೇಲೆ ಅರ್ಧ ದಿನ ನಕ್ಕೆ, ಉಳಿದರ್ಧ ದಿನ ಮೂಗು ಒರೆಸಿಕೊಂಡೆ.

ಕಟ್ಟಿದವಳು ಸೋಮಮ್ಮ ಎಂದು ಸಾಲು ಶುರುವಾಗುತ್ತದೆ. ಮುಂದೆ ಸಿದ್ದಲಿಂಗಮ್ಮನ ಹೆಸರಿದೆ, ಆದರೆ ಕದ್ದವಳು ಎಂದಲ್ಲ. ನನ್ನ ಪದಗಳನ್ನು ಅವಳು ಏನು ಮಾಡಿದವಳು ಎಂದಿರಬಹುದು, ಮಾನಸ, ಹೇಳು ನೋಡೋಣ.