ಗಡಿಗೆಯೊಳಗಿನ ದನಿ

ನಾಗೇಂದ್ರಪ್ಪನ ದನಿ ಎರಡು ಸಲ ಹೋಯಿತು. ಮೊದಲ ಸಲ ಗಂಟಲಿನ ಆಪರೇಷನ್ ಆದಾಗ. ಎರಡನೆಯ ಸಲ ಯುಗಾದಿಗೆಂದು ಮನೆಗೆ ಸುಣ್ಣ ಹೊಡೆದ ಮರುದಿನ, ಆಂಪ್ಲಿಫೈಯರಿನಲ್ಲಿ.

ಕೊಟ್ಟೂರಿನ ಆ ಓಣಿಯಲ್ಲಿ ತತ್ವಪದಕ್ಕೆ ನಾಗೇಂದ್ರಪ್ಪ ಅಂದರೆ ನಾಗೇಂದ್ರಪ್ಪನೇ. ಬೆಳತನಕ ಹಾಡಿದರೂ ಒಂದು ಸಾಲು ಮರೆಯುವವನಲ್ಲ. ಹಾಡು ಒಂದು ಪಾಲಾದರೆ ಜಂಬ ಎರಡು ಪಾಲಿತ್ತು, ಅದನ್ನೇಕೆ ಮುಚ್ಚಿಡಬೇಕು? ತೊಂಬತ್ಮೂರರಲ್ಲಿ ಗೆಳೆಯರು ಎರಡು ಮೈಕಿನ ಟೇಪ್ ರೆಕಾರ್ಡರ್ ತಂದು, ಇದೇ ಪಡಸಾಲೆಯ ನಡುವೆ ಅವನನ್ನು ಕೂರಿಸಿ ಒಂದು ಕ್ಯಾಸೆಟ್ಟು ಮಾಡಿದ್ದರು. ಒಂಬತ್ತು ವರ್ಷದ ಮೇಲೆ, ಪಿಸುಮಾತು ಬಿಟ್ಟು ಇನ್ನೇನೂ ಹೊರಡದ ಅವನಿಗೆ ತಾನು ಯಾರೆಂದು ಹೇಳಲು ಅದೊಂದೇ ಉಳಿದಿತ್ತು. ದಿನಾ ಮಧ್ಯಾಹ್ನ ಉಂಡು, ಎರಡು ಗಡಿಗೆಗಳ ಬಾಯಿಗೆ ಕೂರಿಸಿದ ಸ್ಪೀಕರುಗಳ ಮುಂದೆ ಕಣ್ಣು ಮುಚ್ಚಿ ತನ್ನನ್ನೇ ಕೇಳುತ್ತಿದ್ದ.

ಆ ದಿನ ಎಡಗಡೆ ಕೂತವನ ತಾಳ ಬಂತು, ಬಲಗಡೆ ಕೂತವನ ದಮ್ಮಡಿಯ ಬಡಿತ ಬಂತು. ನಡುವಿನ ನಾಗೇಂದ್ರಪ್ಪ ಮಾತ್ರ ಬರಲಿಲ್ಲ.

ರೇಡಿಯೋ ರಿಪೇರಿಯ ಹುಲುಗಣ್ಣ ಬಂದು ಟೇಪಿನ ಹೆಡ್ಡಿಗೆ ಸ್ಪಿರಿಟ್ಟು ಹಚ್ಚಿ ಒರೆಸಿದ. ಸಿನಿಮಾ ಕ್ಯಾಸೆಟ್ಟು ಹಾಕಿದ. ಪಿಟೀಲು ಕೇಳಿತು, ಹಾಡುವವರು ಕೇಳಲಿಲ್ಲ. ಮತ್ತೆ ನಾಗೇಂದ್ರಪ್ಪನ ಕ್ಯಾಸೆಟ್ಟು ಹಾಕಿ ಬ್ಯಾಲೆನ್ಸ್ ಗುಂಡಿಯನ್ನು ಪೂರ್ತಿ ಒಂದು ಕಡೆ ತಿರುಗಿಸಿದರೆ ದನಿ ಹಾಜರ್. ನಡುವೆ ತಂದರೆ ಮಾಯ.

"ಕ್ಯಾಸೆಟ್ಟಿಂದಲ್ರಿ ತಪ್ಪು, ವೈರಿಂದು," ಎಂದು ಗುಂಡಿಯನ್ನು ನಡುವೆಯೇ ಬಿಟ್ಟು, ಬ್ಯಾಟರಿ ಹಿಡಿದು ಮೇಜಿನ ಹಿಂದೆ ನುಸುಳಿದ.

ಹಸಿ ಸುಣ್ಣದ ವಾಸನೆ, ಅರೆಗತ್ತಲೆಯ ಪಡಸಾಲೆ. ನಾಗೇಂದ್ರಪ್ಪನಿಗೆ ಮಂಪರು ಬಂದಂತಿತ್ತು. ಕ್ಯಾಸೆಟ್ಟು ತಿರುಗುತ್ತಲೇ ಇತ್ತು; ಗಡಿಗೆಯೊಳಗಿನಿಂದ ರೊಟ್ಟಿ ತಟ್ಟುವ ಸಪ್ಪಳ ಎದ್ದಿತು. ಅಡುಗೆಮನೆಯಿಂದ ಅಂದುಕೊಂಡು ಕಣ್ಣು ತೆರೆದರೆ ಹೆಂಡತಿ ಬಸಲಿಂಗಮ್ಮ ಬರಿಗೈಯಲ್ಲಿ ಬಾಗಿಲಿಗೆ ಒರಗಿದ್ದಳು. ಸಪ್ಪಳದ ಬೆನ್ನಿಗೆ ಒಂದು ಹೆಣ್ಣುದನಿ ತೇಲಿ ಬಂತು, ಬಾವಿಯ ನೀರಿನಷ್ಟು ತಣ್ಣಗೆ. ಅವನು ಸಾಲಿನ ಕೊನೆಯನ್ನು ಎಳೆಯುತ್ತಿದ್ದ ಜಾಗದಲ್ಲಿ ಅದು ಮುಂದಿನ ಸಾಲಿನ ಮೊದಲ ಮಾತನ್ನು ಹೇಳುತ್ತಿತ್ತು. ಒಂದು ಸಲವಲ್ಲ, ಪ್ರತಿ ಸಾಲಿಗೂ.

ಆ ಮಾತುಗಳು ತನ್ನ ಎದೆಯಿಂದಲೇ ಬರುತ್ತವೆ ಎಂದು ಅವನು ತಿಳಿದಿದ್ದ. ಭಜನೆ ಎಲ್ಲೇ ಇರಲಿ, ಬಸಲಿಂಗಮ್ಮ ಹಿಂದಿನ ಕಂಬಕ್ಕೆ ಒರಗಿ ಕೂತಿರುತ್ತಿದ್ದಳು. ಕ್ಯಾಸೆಟ್ಟು ಮಾಡಿದ ದಿನ ಮಾತ್ರ ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದಳು.

"ಅದು ನೀನಾ?" ಪಿಸುಗುಟ್ಟಿದ.

"ಮತ್ಯಾರು? ನೀವು ಮರತ್ರ ಮಂದಿ ನಗತಿದ್ರು."

"ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ಹಾಡು ನಿಂತು ಜಗಳ ಹತ್ತತಿತ್ತು."

ಮೇಜಿನ ಹಿಂದಿನಿಂದ ಹುಲುಗಣ್ಣ ಕೂಗಿದ: "ಸಿಕ್ತು ನೋಡ್ರಿ! ಎರಡೂ ಸ್ಪೀಕರಿನ ಕರಿ ವೈರು ಒಂದಕ್ಕೊಂದು ಗಂಟು ಹಾಕ್ಯಾರ, ಮಷಿನ್ನಿಗೆ ಕೊಟ್ಟಿಲ್ಲ. ಹಿಂಗಾದ್ರ ಎರಡೂ ಕಡೆ ಸಮ ಇರೋ ನಡುವಿನ ದನಿ ಹೊಡದು ಹೋಗತೈತಿ, ಮೂಲ್ಯಾಗಿಂದಷ್ಟ ಕೇಳತೈತಿ."

"ಸುಣ್ಣ ಹೊಡಿಯೋವಾಗ ಬಿಚ್ಚಿದ್ದೆ," ಎಂದಳು ಬಸಲಿಂಗಮ್ಮ. "ಕರೇದು ಕರೇದು ಕೂಡಿಸಿದ್ನೆಪ."

ಹುಲುಗಣ್ಣ ಸ್ಕ್ರೂ ಬಿಗಿದ. ನಾಗೇಂದ್ರಪ್ಪನ ಕಂಚಿನ ಕಂಠ ಪಡಸಾಲೆಯನ್ನು ತುಂಬಿತು. ನಾಗೇಂದ್ರಪ್ಪ ಮುಂದಕ್ಕೆ ಬಾಗಿ ಹೆಂಡತಿಯ ದನಿಯನ್ನು ಹುಡುಕಿದ. ಎಲ್ಲೂ ಇರಲಿಲ್ಲ. ತನ್ನದೇ ದನಿ ಎಳ್ಳಷ್ಟೂ ಜಾಗ ಬಿಡದೆ ಕೂತಿತ್ತು. ಅವನಿಗೆ ನಾಚಿಕೆಯಾಯಿತು, ಅಳುವೂ ಬಂತು. ಕೈ ಚಾಚಿ ಮಷಿನ್ನು ಆರಿಸಿದ.

"ಯಾಕ್ರಿ, ಚಲೋ ಬರಾಕ ಹತ್ತಿತ್ತಲ್ಲ!" ಎಂದ ಹುಲುಗಣ್ಣ.

ನಾಗೇಂದ್ರಪ್ಪ ಎದ್ದು ಬಾಗಿಲ ಬಳಿ ಹೋದ. "ಮುಂದಿನ ಸಾಲು ಮರ್ತೀನಿ," ಎಂದು ಪಿಸುಗುಟ್ಟಿದ. ಮರೆತಿರಲಿಲ್ಲ. ಅದು ಆಕೆಗೂ ಗೊತ್ತಿತ್ತು.

ಬಸಲಿಂಗಮ್ಮ ಮೊದಲ ಮಾತನ್ನು ಹಾಡಿ, ಅವನು ಎತ್ತಿಕೊಳ್ಳಲೆಂದು ರೂಢಿಯಂತೆ ನಿಲ್ಲಿಸಿದಳು. ಅವನು ಹೊಸ್ತಿಲ ಪಕ್ಕ ಕೂತು ತೊಡೆಯ ಮೇಲೆ ತಾಳ ಹಾಕತೊಡಗಿದ. ಆಕೆ ಇನ್ನೂ ಕಾಯುತ್ತಿದ್ದಳು. ತಾಳ ಒಂದು ಸುತ್ತು ಮುಗಿದು ಮತ್ತೆ ಮೊದಲಿಗೆ ಬಂದಾಗ, ಎರಡನೆಯ ಮಾತನ್ನೂ ಆಕೆಯೇ ಹಾಡಿದಳು.